ಆದಮನ ಉತಾರದಲ್ಲಿ ಬೋಜಾ ಐತೇನು?

ನಮ್ಮ ಕಡೆ ಯಾರಾದರೂ ತೀರಿಕೊಂಡರೆ 'ಅಂತ್ಯಸಂಸ್ಕಾರಕ್ಕೆ ಹೋಗಿದ್ದೆ' ಅನ್ನುವವರು ಕಡಿಮೆ. 'ಮಣ್ಣಿಗೆ ಹೋಗಿದ್ದೆ' ಅನ್ನುತ್ತೇವೆ, ಕೇಳಿದವರಿಗೆ ಎಲ್ಲ ತಿಳಿಯುತ್ತದೆ. ಹೋದ ವರ್ಷ ಒಂದೇ ತಿಂಗಳಲ್ಲಿ ನಾನು ಎರಡು ಮಣ್ಣಿಗೆ ಹೋದೆ. ಮೊದಲನೆಯದು ಹಳೇ ಹುಬ್ಬಳ್ಳಿಯಲ್ಲಿ, ನಮ್ಮ ಓಣಿಯಲ್ಲಿ ಗಾದಿ ಹೊಲಿಯುತ್ತಿದ್ದ ಚಾಚಾ ಅವರದು. ಎರಡನೆಯದು ಧಾರವಾಡದಲ್ಲಿ, ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಸರ್ ಅವರದು. ಅವರು ಕ್ರೈಸ್ತರು.

ಚಾಚಾ ಅವರಿಗೆ ಪೆಟ್ಟಿಗೆ ಇರಲಿಲ್ಲ. ಬಿಳಿ ಕಫನ್ ಸುತ್ತಿ, ಮುಖ ಕಾಬಾದ ದಿಕ್ಕಿಗೆ ಮಾಡಿ ಮಲಗಿಸಿದರು. ಆಮೇಲೆ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಿದರು. ಪ್ರತಿ ಹಿಡಿಗೂ ತುಟಿಯಲ್ಲಿ ಒಂದು ಮಾತು. ಪಕ್ಕದಲ್ಲಿದ್ದ ಅವರ ಅಳಿಯ ಮೆಲ್ಲಗೆ ಅರ್ಥ ಹೇಳಿದರು. 'ಇದರಿಂದಲೇ ನಿಮ್ಮನ್ನು ಹುಟ್ಟಿಸಿದೆವು. ಇದರೊಳಗೇ ನಿಮ್ಮನ್ನು ಮರಳಿಸುತ್ತೇವೆ. ಇದರಿಂದಲೇ ಇನ್ನೊಮ್ಮೆ ಹೊರಗೆ ತರುತ್ತೇವೆ.' ಕುರ್‌ಆನಿನ 20ನೇ ಅಧ್ಯಾಯ ತಾಹಾ, 55ನೇ ವಚನ. ಮೂರು ಹಿಡಿಗೆ ಮೂರು ತುಂಡು.

ಸರ್ ಅವರಿಗೆ ಪೆಟ್ಟಿಗೆ ಇತ್ತು. ಅದರ ಮೇಲೆ ಮೊದಲ ಹೆಂಟೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಪಾದ್ರಿಗಳು ಮಣ್ಣಿಗೆ ಮಣ್ಣು, ಬೂದಿಗೆ ಬೂದಿ, ಧೂಳಿಗೆ ಧೂಳು ಅಂದರು. ಆ ಮಾತಿನ ಬೇರು ಬೈಬಲ್ಲಿನ ಆದಿಕಾಂಡದಲ್ಲಿದೆ. ಹಣ್ಣು ತಿಂದ ಆದಾಮನಿಗೆ ದೇವರು 'ನೀನು ಮಣ್ಣು, ಮಣ್ಣಿಗೇ ಸೇರುವೆ' ಅನ್ನುವ ಜಾಗ ಅದು. ಅಲ್ಲಿ ಅದು ಒಂದು ತೀರ್ಪು. ಪಾದ್ರಿಗಳು ಅಲ್ಲಿಗೇ ನಿಲ್ಲಿಸಲಿಲ್ಲ. ಸತ್ತವರು ಎದ್ದು ಬರುವ ಭರವಸೆಯ ಮಾತನ್ನೂ ಸೇರಿಸಿದರು.

ಎರಡೂ ಕಡೆ ನನ್ನ ಜೊತೆಗೆ ನಮ್ಮ ಕಾಕಾ ಬಂದಿದ್ದರು. ತಲಾಠಿಯಾಗಿ, ಅಂದರೆ ಊರ ಹೊಲಗಳ ದಾಖಲೆ ಇಡುವ ಗ್ರಾಮ ಲೆಕ್ಕಿಗರಾಗಿ, ದುಡಿದು ನಿವೃತ್ತರಾದವರು. ಧಾರವಾಡದಿಂದ ಬರುವಾಗ ಬಸ್ಸಿನಲ್ಲಿ ಕೇಳಿಯೇ ಬಿಟ್ಟರು. "ಅಲ್ಲೋ ತಮ್ಮಾ, ಅವರಿಗೂ ಆದಮ, ಇವರಿಗೂ ಆದಾಮ. ಅಲ್ಲೂ ಮಣ್ಣು, ಇಲ್ಲೂ ಮಣ್ಣು. ಅವರೂ ಎದ್ದ ಬರ್ತೇವಿ ಅಂತಾರ, ಇವರೂ ಅಂತಾರ. ಮತ್ತ ಫರಕ್ ಎಲ್ಲೈತಿ?"

ಪ್ರಶ್ನೆ ಸಣ್ಣದಲ್ಲ. ನವಲೂರು ದಾಟುವ ಹೊತ್ತಿಗೆ ನನಗೆ ಹೊಳೆದದ್ದು ಕಾಕಾ ಅವರದೇ ದಫ್ತರದ ಒಂದು ಶಬ್ದ: ಬೋಜಾ.

ಮೈಸೂರು ಕಡೆಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನೀವು ಪಹಣಿ ಅನ್ನುವುದನ್ನು ನಾವು ಉತಾರ ಅನ್ನುತ್ತೇವೆ. ಹೊಲದ ಮೇಲೆ ಸಾಲ ತೆಗೆದರೆ ಅದು ಉತಾರದಲ್ಲಿ ಏರುತ್ತದೆ. ಅದೇ ಬೋಜಾ. ಅಪ್ಪ ಸತ್ತು ಹೊಲ ಮಗನ ಹೆಸರಿಗೆ ಬಂದರೂ ಬೋಜಾ ಹಾಗೇ ಬರುತ್ತದೆ. ಮಗ ಒಂದು ರೂಪಾಯಿ ಸಾಲ ಮಾಡಿರುವುದಿಲ್ಲ, ಆದರೂ ಉತಾರ ತೆಗೆಸಿದರೆ ಅದು ಕೂತಿರುತ್ತದೆ. ಆದಮ ಮಾಡಿದ ತಪ್ಪು ಅವನ ಮಕ್ಕಳ ಉತಾರದಲ್ಲಿ ಏರಿತೋ ಇಲ್ಲವೋ? ಎರಡು ಧರ್ಮಗಳು ಕವಲೊಡೆಯುವುದು ಇಲ್ಲಿಯೇ. ಸಾವು ಏನು, ಪಾಪ ಏನು, ಅದರಿಂದ ಬಿಡುಗಡೆ ಹೇಗೆ ಎಂಬುದೆಲ್ಲ ಈ ಒಂದು ನಮೂದಿನ ಮೇಲೆ ನಿಂತಿದೆ.

ಮೊದಲು ತೋಟಕ್ಕೆ ಹೋಗೋಣ. ಕತೆ ಎರಡೂ ಕಡೆ ಒಂದೇ ಅಂತ ಸುಮ್ನೆ ಅಂದುಕೊಂಡಿರುತ್ತೇವೆ. ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ಹಾಗಿಲ್ಲ.

ಆದಿಕಾಂಡದಲ್ಲಿ ದೇವರು ಮೊದಲೇ ಎಚ್ಚರಿಸುತ್ತಾನೆ: ಒಳಿತು ಕೆಡುಕಿನ ಅರಿವು ಕೊಡುವ ಮರದ ಹಣ್ಣು ತಿಂದ ದಿನ ನೀನು ಸಾಯುವೆ. ಹಾವು ಬಂದು ಹೆಂಗಸಿಗೆ ಹೇಳುವುದು ಇದಕ್ಕೆ ಉಲ್ಟಾ: ನೀವೇನೂ ಸಾಯುವುದಿಲ್ಲ. ಇಲ್ಲಿ ಸಾವು ಎಂಬುದು ದೇವರ ಎಚ್ಚರಿಕೆ, ಹಾವು ಅದನ್ನು ಸುಳ್ಳು ಅನ್ನುತ್ತದೆ. ತಿಂದರು. ಅವತ್ತೇ ಸಾಯಲಿಲ್ಲ. ಆದಾಮ 930 ವರ್ಷ ಬದುಕಿದ ಅಂತ ಅದೇ ಆದಿಕಾಂಡ ಲೆಕ್ಕ ಕೊಡುತ್ತದೆ. ಹಾಗಾದರೆ 'ತಿಂದ ದಿನ' ಏನಾಯಿತು? ಅವತ್ತು ದೇವರ ಜೊತೆಗಿನ ನಂಟು ಕಡಿಯಿತು, ಅದೇ ಮೊದಲ ಸಾವು, ದೇಹದ ಸಾವು ಅದರ ಹಿಂದೆ ಬಂತು ಅನ್ನುವುದು ಕ್ರೈಸ್ತರ ಸಾಮಾನ್ಯ ವಿವರಣೆ. ತೋಟದಲ್ಲಿ ಇನ್ನೊಂದು ಮರ ಇತ್ತು, ಜೀವದ ಮರ. ಅದರ ಹಣ್ಣು ತಿಂದು ಸದಾಕಾಲ ಬದುಕಿಬಿಟ್ಟಾರು ಅಂತ ದೇವರು ಅವರನ್ನು ಹೊರಗೆ ಹಾಕಿ ದಾರಿಗೆ ಕಾವಲಿಟ್ಟ. ಬೇಲಿ ಬಿತ್ತು, ಸಾವು ಖಾಯಂ ಆಯಿತು.

ಕುರ್‌ಆನಿನಲ್ಲಿ ಹಾವಿಲ್ಲ, ಸೈತಾನನೇ ನೇರವಾಗಿ ಬರುತ್ತಾನೆ. ಮರಕ್ಕೆ ಅಲ್ಲಾಹ್ ಹೆಸರಿಡುವುದಿಲ್ಲ, ಈ ಮರದ ಹತ್ತಿರ ಹೋಗಬೇಡಿ ಅನ್ನುತ್ತಾನೆ, ಅಷ್ಟೇ. ಆ ಮರಕ್ಕೆ ಇಡೀ ಕುರ್‌ಆನಿನಲ್ಲಿ ಇರುವ ಒಂದೇ ಹೆಸರು ಸೈತಾನ ಇಟ್ಟದ್ದು. 'ಅಮರತ್ವದ ಮರ ತೋರಿಸಲೇ? ಎಂದೂ ಸವೆಯದ ರಾಜ್ಯ ತೋರಿಸಲೇ?' ಅಂತ ಕೇಳುತ್ತಾನೆ. ಇದು ಬರುವುದು ಅದೇ ತಾಹಾ ಅಧ್ಯಾಯದಲ್ಲಿ, ಮಣ್ಣು ಹಾಕುವಾಗ ಹೇಳುವ ವಚನ ಇರುವಲ್ಲಿಯೇ. ನನಗೆ ಬಹಳ ಹಿಡಿಸಿದ ಜಾಗ ಇದು. ಬೈಬಲ್ಲಿನ ತೋಟದಲ್ಲಿ ಮನುಷ್ಯನ ಕೈತಪ್ಪಿದ್ದು ಅಮರತ್ವ. ಕುರ್‌ಆನಿನ ತೋಟದಲ್ಲಿ ಅಮರತ್ವ ಅನ್ನುವುದೇ ಗಾಳಕ್ಕೆ ಚುಚ್ಚಿದ ಹುಳ.

ಇನ್ನೊಂದು ಫರಕ್ಕು ಕಾಲದ ಲೆಕ್ಕದ್ದು. ಕುರ್‌ಆನಿನ 2ನೇ ಅಧ್ಯಾಯದಲ್ಲಿ ಮರದ ಮಾತು ಬರುವ ಮೊದಲೇ ಅಲ್ಲಾಹ್ ತನ್ನ ದೇವದೂತರಾದ ಮಲಕ್‌ಗಳಿಗೆ ಹೇಳಿರುತ್ತಾನೆ: ಭೂಮಿಯ ಮೇಲೆ ನಾನೊಬ್ಬ ಪ್ರತಿನಿಧಿಯನ್ನು ಇಡಲಿದ್ದೇನೆ. ಅಂದರೆ ಪೋಸ್ಟಿಂಗ್ ಮೊದಲೇ ಭೂಮಿಗೇ ಆಗಿತ್ತು. ತಪ್ಪು ನಡೆದದ್ದು ಆಮೇಲೆ. ಇಳಿಸುವಾಗ ಕೊಟ್ಟ ಮಾತೂ ಶಾಪದಂತೆ ಇಲ್ಲ. ಅಲ್ಲೇ ಬದುಕುವಿರಿ, ಅಲ್ಲೇ ಸಾಯುವಿರಿ, ಅಲ್ಲಿಂದಲೇ ಎಬ್ಬಿಸಲ್ಪಡುವಿರಿ ಅಂತ ಇದೆ. ಆದಿಕಾಂಡದಲ್ಲಿ ನೆಲಕ್ಕೇ ಶಾಪ ಬೀಳುತ್ತದೆ, ಮುಳ್ಳು ಕಳೆ ಹುಟ್ಟುತ್ತವೆ, ಬೆವರು ಸುರಿಸಿ ರೊಟ್ಟಿ ತಿನ್ನಬೇಕಾಗುತ್ತದೆ. ನವಲಗುಂದದ ಎರೆ ಹೊಲದಲ್ಲಿ ಕರಿಕೆ ಕಿತ್ತವರು ಆ ಮಾತನ್ನು ಥಟ್ಟನೆ ಒಪ್ಪಿಯಾರು!

ಈಗ ಬೋಜಾದ ವಿಚಾರ. ಕ್ರೈಸ್ತರಲ್ಲಿ ಇದನ್ನು ಬಿಗಿಯಾಗಿ ಹೇಳಿದವನು ಆ ಧರ್ಮದ ಮೊದಲ ಕಾಲದ ಪ್ರಚಾರಕ ಪೌಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನ ವಾದ ಹೀಗಿದೆ: ಒಬ್ಬ ಮನುಷ್ಯನಿಂದ ಪಾಪ ಲೋಕಕ್ಕೆ ಬಂತು, ಪಾಪದಿಂದ ಸಾವು ಬಂತು, ಹೀಗೆ ಸಾವು ಎಲ್ಲರಿಗೂ ಹಬ್ಬಿತು. ಮುಂದೆ ಅವನದೇ ಪ್ರಸಿದ್ಧ ಮಾತು, ಕನ್ನಡ ಬೈಬಲ್ಲಿನಲ್ಲಿ ಪಾಪವು ಕೊಡುವ ಸಂಬಳ ಮರಣ ಅಂತ ಬರುತ್ತದೆ. ನಮ್ಮ ಭಾಷೆಯಲ್ಲಿ ಪಗಾರ. ಗ್ರೀಕ್ ಮೂಲದ ಶಬ್ದ ಸೈನಿಕರಿಗೆ ಕೊಡುವ ಪಗಾರಕ್ಕೆ ಬಳಸುತ್ತಿದ್ದದ್ದು. ಪಗಾರ ಅಂದರೆ ದಾನವಲ್ಲ, ದುಡಿದದ್ದಕ್ಕೆ ಸಿಗಲೇಬೇಕಾದ್ದು. ಪೌಲ ಅದೇ ವಾಕ್ಯದ ಇನ್ನರ್ಧದಲ್ಲಿ ನಿತ್ಯಜೀವವನ್ನು ದೇವರು ಪುಕ್ಕಟೆ ಕೊಡುವ ವರ ಅನ್ನುತ್ತಾನೆ. ಸಾವು ಪಗಾರ, ಬದುಕು ಬಕ್ಷೀಸು. ಈ ಜೋಡಿ ಕೈಗೆ ಸಿಕ್ಕರೆ ಕ್ರೈಸ್ತ ವಿಚಾರದ ಅರ್ಧ ಸಿಕ್ಕಂತೆ.

ಆದರೆ ಮಕ್ಕಳ ಹೆಸರಿಗೆ ಬಂದದ್ದು ಏನು? ಬರೀ ಸಾವೋ, ಅಪರಾಧವೂ ಸೇರಿಯೋ? ಇಲ್ಲಿ ಕ್ರೈಸ್ತರೇ ಎರಡಾಗುತ್ತಾರೆ. ಉತ್ತರ ಆಫ್ರಿಕದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಓದಿದ್ದು ಲ್ಯಾಟಿನ್ ಬೈಬಲ್. ಅವರ ಕಾಲ 354ರಿಂದ 430. ಪೌಲನ ಗ್ರೀಕ್ ಮಾತನ್ನು 'ಎಲ್ಲರೂ ಪಾಪ ಮಾಡಿದ್ದರಿಂದ' ಅಂತ ಓದಬಹುದು. ಲ್ಯಾಟಿನ್ನಿನಲ್ಲಿ ಅದು 'ಅವನೊಳಗೆ ಎಲ್ಲರೂ ಪಾಪ ಮಾಡಿದರು' ಅನ್ನುವಂತೆ ಬಂತು. ಒಂದು ವಿಭಕ್ತಿಯಷ್ಟು ಅಂತರ. ಅದರ ಮೇಲೆ ದೊಡ್ಡ ಕಟ್ಟಡವೇ ಎದ್ದಿತು. ಆದಾಮ ತಿಂದಾಗ ನಾವೆಲ್ಲ ಅವನೊಳಗಿದ್ದೆವು, ಆದ್ದರಿಂದ ಹುಟ್ಟುವ ಕೂಸಿನ ಮೇಲೂ ಆ ಅಪರಾಧ ಇದೆ ಅಂದರು ಅಗಸ್ಟೀನ್. ಹೊಲದ ಜೊತೆಗೆ ಬೋಜಾ ಕೂಡ. ಇದನ್ನು ಎದುರಿಸಿದವನು ಅದೇ ಕಾಲದ ಇನ್ನೊಬ್ಬ ಕ್ರೈಸ್ತ ಗುರು ಪೆಲಾಜಿಯಸ್. ಜಗಳ ಎಲ್ಲಿಗೆ ಮುಟ್ಟಿತು ಅಂದರೆ, 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ, ಪಾಪ ಮಾಡಲಿ ಬಿಡಲಿ ಆದಾಮ ಹೇಗೂ ಸಾಯುವವನೇ ಆಗಿದ್ದ ಅನ್ನುವವರಿಗೆ ಬಹಿಷ್ಕಾರ ಹಾಕಿತು.

ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಇಷ್ಟು ದೂರ ಹೋಗಲಿಲ್ಲ. ಅವರ ಪ್ರಕಾರ ನಮಗೆ ಬಂದದ್ದು ಸಾವು ಮತ್ತು ಸಾವಿನಿಂದ ಹುಟ್ಟುವ ದೌರ್ಬಲ್ಯ. ಅಪರಾಧ ಆದಾಮನದೇ. ಕಾಕಾಗೆ ನಾನು ಹೇಳಿದ್ದು ಹೀಗೆ: ಅಪ್ಪ ಹೊಲವನ್ನು ಸವುಳು ಹಿಡಿಸಿಬಿಟ್ಟ. ಮಗನಿಗೆ ಬರೀ ಸವುಳು ನೆಲ ಬಂತು, ಸಾಲ ಬರಲಿಲ್ಲ. ಪಶ್ಚಿಮದವರಲ್ಲೂ ಮಾತು ಈಗ ಮೆತ್ತಗಾಗಿದೆ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಈ ಮೂಲಪಾಪವನ್ನು 'ಮಾಡಿದ' ಪಾಪವಲ್ಲ, 'ಅಂಟಿದ' ಪಾಪ ಅನ್ನುತ್ತದೆ.

ಇತ್ತ ಇಸ್ಲಾಂ. ಕಾಕಾ ಅವರ ಹುಬ್ಬು ಮೇಲೆ ಹೋದದ್ದು ಇಲ್ಲಿ. 'ಹೊರೆ ಹೊತ್ತ ಯಾವನೂ ಇನ್ನೊಬ್ಬನ ಹೊರೆ ಹೊರುವುದಿಲ್ಲ' ಅನ್ನುವ ಮಾತು ಕುರ್‌ಆನಿನಲ್ಲಿ ಒಂದಲ್ಲ, ಹಲವು ಕಡೆ ಬರುತ್ತದೆ. ಅರಬ್ಬಿಯಲ್ಲಿ ಆ ಹೊರೆಗೆ ವಿಜ್ರ್ ಅನ್ನುತ್ತಾರೆ. ಉರ್ದು ಅನುವಾದದಲ್ಲಿ ಬರುವ ಶಬ್ದ ಬೋಝ್. ನಮ್ಮ ತಲಾಠಿ ದಫ್ತರದ ಬೋಜಾ ಅದೇ! "ಹೌದಲ್ಲೋ!" ಅಂದು ಕಾಕಾ ನಕ್ಕರು. ಹಾಗಾಗಿ ಆದಮನ ಉತಾರ ಬೇರೆ, ನಿಮ್ಮದು ಬೇರೆ. ಅವನ ಉತಾರದಲ್ಲಿಯೂ ಬೋಜಾ ಉಳಿಯಲಿಲ್ಲ. 'ನಮಗೆ ನಾವೇ ಅನ್ಯಾಯ ಮಾಡಿಕೊಂಡೆವು' ಅಂತ ಆದಮನೂ ಅವನ ಹೆಂಡತಿಯೂ ಬೇಡಿದರು, ಅಲ್ಲಾಹ್ ಕ್ಷಮಿಸಿದ, ಖಾತೆ ಚುಕ್ತಾ. ಪ್ರವಾದಿಯವರ ಮಾತುಗಳನ್ನು ಕೂಡಿಸಿಟ್ಟ ಬುಖಾರಿ ಸಂಗ್ರಹದ ಒಂದು ಹದೀಸಿನಲ್ಲಿ ಮೂಸಾ (ಬೈಬಲ್ಲಿನ ಮೋಶೆ) ಮತ್ತು ಆದಮ್ ವಾದಕ್ಕೆ ಇಳಿಯುತ್ತಾರೆ. ನಿಮ್ಮಿಂದಲೇ ಅಲ್ವಾ ನಾವು ಸ್ವರ್ಗದಿಂದ ಹೊರಗೆ ಬಿದ್ದದ್ದು ಅಂತ ಮೂಸಾ ತರಾಟೆಗೆ ತೆಗೆದುಕೊಳ್ಳುತ್ತಾರೆ. ನಾನು ಹುಟ್ಟುವ ಮೊದಲೇ ಬರೆದಿಟ್ಟದ್ದಕ್ಕೆ ನನ್ನನ್ನು ಬೈಯುತ್ತೀರಾ ಅಂತ ಆದಮ್ ಕೇಳುತ್ತಾರೆ. ವಾದದಲ್ಲಿ ಆದಮ್ ಗೆದ್ದರು ಅಂತ ಹದೀಸು ಮುಗಿಯುತ್ತದೆ.

ಹಾಗಾದರೆ ಸಾವು ಯಾಕೆ? ಇಸ್ಲಾಮಿನಲ್ಲಿ ಅದು ಪಗಾರವೂ ಅಲ್ಲ, ದಂಡವೂ ಅಲ್ಲ. ಯಾರ ಕೆಲಸ ಚಂದ ಅಂತ ಪರೀಕ್ಷಿಸಲು ಅಲ್ಲಾಹ್ ಸಾವನ್ನೂ ಬದುಕನ್ನೂ ಸೃಷ್ಟಿಸಿದ ಅನ್ನುತ್ತದೆ ಕುರ್‌ಆನಿನ 67ನೇ ಅಧ್ಯಾಯ. ಅಲ್ಲಿ ಸಾವಿನ ಹೆಸರೇ ಮೊದಲು ಬರುತ್ತದೆ. ಪರೀಕ್ಷೆ ಅಂದಮೇಲೆ ಗಂಟೆ ಹೊಡೆಯಲೇಬೇಕು. ಪ್ರತಿ ಜೀವವೂ ಸಾವಿನ ರುಚಿ ನೋಡಲೇಬೇಕು ಅನ್ನುವ ಮಾತು ಖಬರಸ್ತಾನದ ಗೋಡೆಗಳ ಮೇಲೆ ಬರೆದಿರುವುದನ್ನು ನೀವೂ ನೋಡಿರಬಹುದು. ಯಾವ ಮನುಷ್ಯನಿಗೂ ಅಮರತ್ವ ಕೊಟ್ಟಿಲ್ಲ ಅಂತ ಇನ್ನೊಂದು ಕಡೆ ನೇರವಾಗಿಯೇ ಇದೆ. ಕಾರ್ಥೇಜಿನ ಸಭೆ ಬಹಿಷ್ಕಾರ ಹಾಕಿದ್ದು ಹೆಚ್ಚುಕಡಿಮೆ ಇದೇ ಮಾತಿಗೆ, ಇಸ್ಲಾಂ ಬರುವುದಕ್ಕೆ ಸುಮಾರು 200 ವರ್ಷ ಮೊದಲೇ!

ಶಬ್ದದ ಬಗ್ಗೆ ಒಂದು ಅಡ್ಡಮಾತು. ಪಾಪ ಅನ್ನುವ ನಮ್ಮ ಶಬ್ದ ಇಲ್ಲಿ ಗೊಂದಲ ಮಾಡುತ್ತದೆ. ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಬೆಟಗೇರಿಗೆ ಬಂದಾಗ ಅವರಿಗೆ ಸಿಕ್ಕ ಶಬ್ದ ಇದೇ. ಆದರೆ ಕೇಳುವ ಕಿವಿಯಲ್ಲಿ ಆಗಲೇ 'ಮಾಡಿದ್ದುಣ್ಣೋ ಮಹಾರಾಯ' ಕೂತಿತ್ತು, ಹಿಂದಿನ ಜನ್ಮ ಕೂತಿತ್ತು. ಮೇಲಾಗಿ ನಾವು ಕನಿಕರಕ್ಕೂ 'ಅಯ್ಯೋ ಪಾಪ' ಅನ್ನುವವರು. ಯಾರೋ ಒಬ್ಬ ಆದಾಮ ತಿಂದ ಹಣ್ಣಿಗೆ ನಾನು ಯಾಕೆ ಉಣ್ಣಬೇಕು ಅಂತ ಆಗಿನ ಜನ ಕೇಳದೆ ಇದ್ದಾರೆಯೇ! ಮುಸಲ್ಮಾನರ ಮಾತಿನಲ್ಲಿ ಬರುವುದು ಗುನಾಹ್. ಪಾರ್ಸಿ ಶಬ್ದ. ನಮ್ಮ ಪೊಲೀಸ್ ಠಾಣೆಯ 'ಗುನ್ನೆ ನಂಬರ್' ಅದರದೇ ಸಂತಾನ. ಈ ನಂಟು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುನ್ನೆ ಅಂದರೆ ಯಾರೋ ಒಬ್ಬ ಒಂದು ದಿನ ಮಾಡಿದ ಕೆಲಸ, ಅದಕ್ಕೆ ಅವನ ಹೆಸರಿದೆ. ಕ್ರೈಸ್ತರ ಪಾಪದಲ್ಲಿ ಅಂಥ ಕೆಲಸಗಳೂ ಸೇರುತ್ತವೆ, ಆದರೆ ಅವುಗಳ ಕೆಳಗೆ ಒಂದು ಜಡ್ಡು ಇದೆ. ಕೆಮ್ಮು ಬೇರೆ, ಎದೆಯಲ್ಲಿ ಕೂತ ಕಫ ಬೇರೆ ಅಂದಹಾಗೆ.

ರೋಗ ಹಾಗಿದ್ದರೆ ಔಷಧ ಹಾಗೆ. ಬೋಜಾ ಇದ್ದು, ತೀರಿಸುವ ತಾಕತ್ತು ನಮಗಿಲ್ಲ ಅಂದರೆ ಬೇರೆ ಯಾರಾದರೂ ತೀರಿಸಬೇಕು. ಶಿಲುಬೆಯ ಮೇಲೆ ಯೇಸು ಮಾಡಿದ್ದು ಅದನ್ನೇ ಅನ್ನುತ್ತಾರೆ ಕ್ರೈಸ್ತರು. ಆದಾಮನಲ್ಲಿ ಎಲ್ಲರೂ ಸಾಯುವಂತೆ ಕ್ರಿಸ್ತನಲ್ಲಿ ಎಲ್ಲರೂ ಬದುಕುತ್ತಾರೆ ಎಂಬುದು ಪೌಲನ ಲೆಕ್ಕ. ಬೋಜಾನೇ ಇಲ್ಲದ ಕಡೆ ತೀರಿಸುವವನು ಬೇಕಿಲ್ಲ. ಕುರ್‌ಆನಿನಲ್ಲಿ ಈಸಾ, ಅಂದರೆ ಯೇಸು, ದೊಡ್ಡ ಪ್ರವಾದಿ, ಆದರೆ ಅವರನ್ನು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲೂ ಇಲ್ಲ, ಅಲ್ಲಾಹ್ ತನ್ನ ಕಡೆಗೆ ಎತ್ತಿಕೊಂಡ ಅಂತ ಇದೆ. ಇಸ್ಲಾಮಿನಲ್ಲಿ ಮನುಷ್ಯ ಹುಟ್ಟುವುದು ಫಿತ್ರಾ ಮೇಲೆ, ಅಂದರೆ ಸರಿಯಾದ ಸ್ವಭಾವದ ಮೇಲೆ. ಅವನ ಕಷ್ಟ ಮರೆವು. ಮರೆತವನಿಗೆ ನೆನಪಿಸಬೇಕು, ದಾರಿ ತೋರಿಸಬೇಕು. ತಪ್ಪಿದರೆ ತೋಬಾ: ತಪ್ಪು ಬಿಡುವುದು, ಮರುಗುವುದು, ಮತ್ತೆ ಮಾಡೆನೆಂದು ಗಟ್ಟಿಯಾಗುವುದು. ಇನ್ನೊಬ್ಬರ ಹಕ್ಕು ತಿಂದಿದ್ದರೆ ಅದನ್ನು ವಾಪಸ್ ಮಾಡಬೇಕು. ಅದನ್ನು ಮಾಡದೆ ಬರೀ ಕಣ್ಣೀರು ಸಾಲದು.

ದೇವರು ಸುಮ್ನೆ ಕ್ಷಮಿಸಿಬಿಡಬಹುದಿತ್ತಲ್ಲ, ಮಗನ ಸಾವು ಯಾಕೆ ಬೇಕಿತ್ತು ಅಂತ ಮುಸಲ್ಮಾನರು ಕೇಳುತ್ತಾರೆ. ಇದಕ್ಕೆ ಕ್ರೈಸ್ತರ ಉತ್ತರವನ್ನು ನಾನು ಸಾಲ ಮನ್ನಾದ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಸಾಲ ಮನ್ನಾ ಅಂದಾಗ ರೈತನಿಗೆ ಪುಕ್ಕಟೆ. ಆದರೆ ಹಣ ಗಾಳಿಯಲ್ಲಿ ಮಾಯವಾಗುವುದಿಲ್ಲ, ಯಾರದೋ ಖಾತೆಗೆ ಬೀಳುತ್ತದೆ. ದೇವರು ಅದನ್ನು ತನ್ನ ಖಾತೆಗೇ ಹಾಕಿಕೊಂಡ ಅನ್ನುವುದು ಅವರ ಮಾತು. ಮುಸಲ್ಮಾನರು ಹೇಳುವುದು: ಬ್ಯಾಂಕಿಗೆ ಲುಕ್ಸಾನು ಆಗುತ್ತದೆ, ಒಪ್ಪಿದೆ. ಎಲ್ಲದರ ಮಾಲೀಕನಿಗೆ ಎಂಥ ಲುಕ್ಸಾನು? ಇಬ್ಬರ ಮಾತಿನಲ್ಲೂ ಹುರುಳಿದೆ. ದೇವರು ಅಂದಾಗ ಇಬ್ಬರ ಮನಸ್ಸಿಗೆ ಬರುವ ಚಿತ್ರವೇ ಬೇರೆ ಅನ್ನಿಸುತ್ತದೆ ನನಗೆ.

ಹಾಗಂತ ಇಸ್ಲಾಮಿನಲ್ಲಿ ಕೂಡಿಸು ಕಳೆಯುವ ಲೆಕ್ಕ, ಕ್ರೈಸ್ತರಲ್ಲಿ ಬರೀ ಕೃಪೆ ಅಂತ ಗೆರೆ ಎಳೆಯಬೇಡಿ. ಬರೀ ತನ್ನ ಕೆಲಸದ ಬಲದಿಂದ ಯಾರೂ ಸ್ವರ್ಗ ಸೇರಲಾರರು, ಅಲ್ಲಾಹನ ಕರುಣೆ ಮುಚ್ಚದಿದ್ದರೆ ನಾನೂ ಕೂಡ ಸೇರಲಾರೆ ಅಂತ ಪ್ರವಾದಿಯವರೇ ಹೇಳಿದ ಹದೀಸಿದೆ. ಆ ಕಡೆ ಬೈಬಲ್ಲಿನ ಯೆಹೆಜ್ಕೇಲನ ಪುಸ್ತಕದಲ್ಲಿ ಮಗ ಅಪ್ಪನ ಪಾಪದ ಹೊರೆ ಹೊರಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಇದನ್ನು ಮುಸಲ್ಮಾನ ವಾದಿಗಳು ಖುಷಿಯಿಂದ ಎತ್ತಿ ತೋರಿಸುತ್ತಾರೆ.

ಫರಕ್ಕು ಕಣ್ಣಿಗೆ ಕಾಣುವುದು ಕೂಸಿನ ವಿಚಾರದಲ್ಲಿ. ಕ್ಯಾಥೊಲಿಕರು ಎಳೆಗೂಸಿನ ನೆತ್ತಿಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸುತ್ತಾರೆ. ಮೂಲಪಾಪ ತೊಳೆಯುವುದು ಅದರ ಒಂದು ಅರ್ಥ. ದೀಕ್ಷಾಸ್ನಾನ ಆಗದೆ ಸತ್ತ ಕೂಸುಗಳ ಗತಿ ಏನು ಅನ್ನುವುದು ನೂರಾರು ವರ್ಷ ತಾಯಂದಿರನ್ನು ಸುಟ್ಟ ಪ್ರಶ್ನೆ. ಅವಕ್ಕೂ ರಕ್ಷಣೆ ಇದೆ ಅಂತ ಆಶಿಸಲು ಬಲವಾದ ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೇವತಾಶಾಸ್ತ್ರ ಆಯೋಗ ಬರೆದದ್ದು 2007ರಲ್ಲಿ. ದೊಡ್ಡವರಾಗಿ ತಾವೇ ಒಪ್ಪಿದ ಮೇಲಷ್ಟೇ ದೀಕ್ಷಾಸ್ನಾನ ಕೊಡುವ ಪೆಂಟೆಕೋಸ್ಟಲ್ ಸಭೆಗಳಿಗೆ ಈ ಕಾಟ ಇಷ್ಟಿಲ್ಲ.

ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್, ಅಂದರೆ ನಮಾಜಿಗೆ ಕರೆಯುವ ಮಾತು, ಹೇಳುತ್ತಾರೆ. ತೊಳೆಯಲು ಅಲ್ಲಿ ಏನೂ ಇಲ್ಲ. ಅಂಥ ಕೂಸು ಸತ್ತರೆ ಜನಾಜಾ ನಮಾಜಿನಲ್ಲಿ, ಅಂದರೆ ಮಣ್ಣು ಮಾಡುವ ಮುಂಚಿನ ಪ್ರಾರ್ಥನೆಯಲ್ಲಿ, ಅದಕ್ಕಾಗಿ ಕ್ಷಮೆ ಬೇಡುವುದಿಲ್ಲ, ಕ್ಷಮಿಸುವಂಥದ್ದು ಅದು ಏನು ಮಾಡಿದೆ? ಬದಲಿಗೆ, ಈ ಕೂಸು ನಮಗಿಂತ ಮುಂದೆ ಹೋಗಿ ನಮಗಾಗಿ ದಾರಿ ಕಾಯಲಿ, ನಮ್ಮ ಪರವಾಗಿ ಮಾತಾಡಲಿ ಅಂತ ಬೇಡುತ್ತಾರೆ. ಜನಾಜಾ ನಮಾಜಿಗೆ ಮುಂಚೆ ಅಜಾನ್ ಇರುವುದಿಲ್ಲ. ಚಾಚಾ ಒಮ್ಮೆ ಗಾದಿಗೆ ಸೂಜಿ ಹಾಕುತ್ತಲೇ ಅದರ ಕಾರಣ ಹೇಳಿದ್ದರು: "ಆ ಅಜಾನ್ ಹುಟ್ಟಿದ ದಿನಾನ ಆಗಿರ್ತೈತಿ. ಅಜಾನಿಗೂ ನಮಾಜಿಗೂ ನಡಕಿನ ಟೈಮ್ ಐತಲ್ಲ, ಅಷ್ಟ ನಮ್ಮ ಬಾಳೇವು." ಅವರ ಮಂದಿಯಲ್ಲಿ ಎಲ್ಲರೂ ಆಡುವ ಮಾತಂತೆ ಅದು.

ಕಾಕಾ ಬಿಡಲಿಲ್ಲ. ಯೇಸು ಸಾಲ ತೀರಿಸಿದ್ದು ಖರೆ ಆದರೆ ಸರ್ ಯಾಕ ಸತ್ತರು ಅಂದರು. ಈ ಪ್ರಶ್ನೆ ಪೌಲನಿಗೂ ಗೊತ್ತಿತ್ತು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅವನು ಸಾವನ್ನು ಕೊನೆಯ ಶತ್ರು ಅನ್ನುತ್ತಾನೆ. ಯುದ್ಧ ಗೆದ್ದಾಗಿದೆ, ಆದರೆ ಕೊನೆಯ ಶತ್ರು ಇನ್ನೂ ಮೈದಾನದಲ್ಲಿದ್ದಾನೆ. ಯೇಸು ಎದ್ದು ಬಂದದ್ದು ಮೊದಲ ಫಲ, ಉಳಿದ ಬೆಳೆ ಆಮೇಲೆ. ಕ್ರೈಸ್ತರಿಗೆ ಸಾವು ಯಾವತ್ತೂ ಸಹಜ ಅಲ್ಲ, ಅದು ಒಳಗೆ ನುಗ್ಗಿದ ಪರಕೀಯ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತ. ಅವನನ್ನು ಎಬ್ಬಿಸಲಿಕ್ಕೇ ಹೋಗಿದ್ದರೂ ಅತ್ತ.

ಸಾವು ದೇವರೇ ಬರೆದ ಟೈಮ್‌ಟೇಬಲ್ ಅಂದಮೇಲೆ ಮುಸಲ್ಮಾನರು ಅಳಬಾರದೋ ಏನೋ ಅಂತ ಕಾಕಾ. ಪ್ರವಾದಿ ಮುಹಮ್ಮದರ ಕೂಸು ಇಬ್ರಾಹೀಮ್ ಎರಡು ವರ್ಷವೂ ತುಂಬದೆ ತೀರಿಕೊಂಡಿತು. ಅವರ ಕಣ್ಣಲ್ಲಿ ನೀರು ಬಂತು. ನೀವೂ ಅಳುತ್ತೀರಾ ಅಂತ ಜೊತೆಗಿದ್ದವರು ಕೇಳಿದರು. ಕಣ್ಣು ನೀರಾಡುತ್ತದೆ, ಎದೆ ನೋಯುತ್ತದೆ, ಆದರೆ ನಮ್ಮ ಪ್ರಭುವಿಗೆ ಒಪ್ಪುವ ಮಾತನ್ನಷ್ಟೇ ಆಡುತ್ತೇವೆ ಅಂದರು. ಅಳು ಎರಡೂ ಕಡೆ ಇದೆ. ಒಬ್ಬರು ಅಳುತ್ತಾ ಸಮಾಧಿಯ ಕಲ್ಲು ಸರಿಸಿ ಅಂದರು, ಇನ್ನೊಬ್ಬರು ಅಳುತ್ತಾ ಕೂಸನ್ನು ಮಣ್ಣಿಗೆ ಕೊಟ್ಟರು.

ಗೋಕುಲ ರೋಡ್ ಹತ್ತಿರ ಬರುವಾಗ ಕಾಕಾ ಅವರ ಕೊನೇ ಪ್ರಶ್ನೆ ಬಂತು. ಬಾಳೆಲ್ಲ ಕೆಟ್ಟದ್ದು ಮಾಡಿ ಕೊನೇ ಗಳಿಗೆಯಲ್ಲಿ ತಿರುಗಿದವನ ಗತಿ ಏನು?

ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕ ಶಿಲುಬೆಗೆ ಹಾಕಿದ ಒಬ್ಬ ಅಪರಾಧಿ ಇದ್ದಾನೆ. ನೀನು ರಾಜ್ಯಕ್ಕೆ ಬಂದಾಗ ನನ್ನನ್ನು ನೆನಪಿಟ್ಟುಕೋ ಅಂತ ಕೇಳುತ್ತಾನೆ. ಇವತ್ತೇ ನೀನು ನನ್ನ ಸಂಗಡ ಸ್ವರ್ಗದಲ್ಲಿರುವೆ ಅಂತ ಉತ್ತರ ಸಿಗುತ್ತದೆ. ಅವನ ಕೈಕಾಲು ಎರಡೂ ಕಟ್ಟಿಹಾಕಿದ್ದವು. ಕದ್ದದ್ದನ್ನು ವಾಪಸ್ ಕೊಡುವಂತಿರಲಿಲ್ಲ, ಒಂದು ಹೆಜ್ಜೆ ಇಡುವಂತಿರಲಿಲ್ಲ. ಬಾಯಿ ಒಂದಿತ್ತು.

ಕುರ್‌ಆನಿನಲ್ಲಿ ಈಜಿಪ್ಟಿನ ಅರಸ ಫಿರೌನ್ ಸಮುದ್ರದಲ್ಲಿ ಮುಳುಗುವಾಗ ನಂಬಿದೆ ಅನ್ನುತ್ತಾನೆ. 'ಈಗಲೇ?' ಅಂತ ಉತ್ತರ ಬರುತ್ತದೆ. ಸಾವು ಕಣ್ಣೆದುರು ನಿಂತ ಮೇಲೆ ತೋಬಾದ ಬಾಗಿಲು ಮುಚ್ಚಿತು. ಆದರೆ ಬುಖಾರಿ ಮತ್ತು 'ಮುಸ್ಲಿಂ' ಎಂಬ ಹೆಸರಿನ ಎರಡು ಹದೀಸು ಸಂಗ್ರಹಗಳಲ್ಲಿ ಇನ್ನೊಬ್ಬನ ಕತೆ ಇದೆ. 99 ಕೊಲೆ ಮಾಡಿದವನು. ನನಗೆ ತೋಬಾ ಇದೆಯೇ ಅಂತ ಒಬ್ಬ ಸನ್ಯಾಸಿಯನ್ನು ಕೇಳಿದ. ಇಲ್ಲ ಅಂದದ್ದಕ್ಕೆ ಅವನನ್ನೂ ಕೊಂದು 100 ಮಾಡಿದ. ಆಮೇಲೆ ತಿಳಿದವರೊಬ್ಬರು, ಇದೆ, ಆದರೆ ಈ ಊರು ಬಿಡು, ಒಳ್ಳೆಯವರಿರುವ ಆ ಊರಿಗೆ ಹೋಗು ಅಂದರು. ಹೊರಟ. ದಾರಿಯಲ್ಲೇ ಸಾವು ಬಂತು. ಬಿದ್ದಲ್ಲಿಂದಲೇ ಎದೆಯನ್ನು ಆ ಊರಿನ ಕಡೆಗೆ ತಳ್ಳಿದ. ಕರುಣೆಯ ಮಲಕ್‌ಗಳು ಮತ್ತು ಶಿಕ್ಷೆಯ ಮಲಕ್‌ಗಳು ಹೆಣದ ಮುಂದೆ ಜಗಳಕ್ಕೆ ನಿಂತರು. ನೆಲ ಅಳೆಯಿರಿ, ಯಾವ ಊರಿಗೆ ಹತ್ತಿರವೋ ಆ ಲೆಕ್ಕಕ್ಕೆ ಸೇರಿಸಿ ಅಂತ ತೀರ್ಮಾನ ಆಯಿತು.

"ಅಳತಿ ಮಾಡಿದ್ರೇನು?" ಅಂದರು ಕಾಕಾ. ಎಷ್ಟೋ ಹೊಲಗಳ ಸರಪಳಿ ಅಳತೆ ನೋಡಿದವರು, ಸೀಟಿನ ತುದಿಗೆ ಬಂದಿದ್ದರು.

ಮಾಡಿದರು. ಒಳ್ಳೆಯವರ ಊರು ಒಂದು ಗೇಣು ಹತ್ತಿರ ಇತ್ತು.